ಸುಮ್ಮನೆ ಕೂಡಲಾರದವನು ನೀರುನಾಯಿ ನೋಡಿದ್ದು

ಮೊನ್ನೆ ನಮ್ಮಾಕೆ ಮೆಟ್ಟಿಲ ಕೆಳಗಿನ ಸಂದಿ ಗುಡಿಸುವಾಗ ಹಸಿರು ಕ್ಯಾನ್ವಾಸಿನ ಒಂದು ಜೋಡಿ ಬೂಟು ಹೊರಬಿದ್ದವು. ಅಡಿಗೆ ಮೆತ್ತಿದ ಕೆಂಪು ಕೆಸರು ಒಣಗಿ ಹೆಂಚಿನ ಚೂರಿನಂತಾಗಿತ್ತು.

“ಇವನ್ನ ಒಗೀಲೇನ್ರಿ?” ಎಂದಳು.

ನಮ್ಮ ಕಡೆ ‘ಒಗೆಯುವುದು’ ಅಂದರೆ ತೊಳೆಯುವುದೂ ಹೌದು, ಬಿಸಾಡುವುದೂ ಹೌದು. ಆಕೆ ಯಾವುದನ್ನು ಕೇಳಿದಳೋ ತಿಳಿಯಲಿಲ್ಲ. ಎರಡಕ್ಕೂ ಬೇಡವೆಂದೆ. ಬೂಟು ಇಸಿದುಕೊಂಡು ಹಿತ್ತಲಿಗೆ ಹೋದೆ, ಅಲ್ಲಿಂದ ಅಂಗಳಕ್ಕೆ ಬಂದೆ, ಮತ್ತೆ ಹಿತ್ತಲಿಗೆ ಹೋದೆ. “ಒಂದ್ ಕಡೆ ನಿಂತರ ನಿಮಗೇನ ದಂಡ ಹಾಕ್ತಾರೇನ್ರಿ?” ಎಂದು ಆಕೆ ಕಸಬರಿಗೆ ಹಿಡಿದೇ ಕೇಳಿದಳು.

ದಂಡ ಯಾರೂ ಹಾಕುವುದಿಲ್ಲ. ಹುಟ್ಟಿದ್ದೇ ಹಾಗೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಬಂದಿದ್ದೇನೆ. ಒಮ್ಮೆ ನೀರು ಕುಡಿಯಲು, ಒಮ್ಮೆ ಗೇಟು ಹಾಕಿದೆಯೋ ನೋಡಲು, ಇನ್ನೊಮ್ಮೆ ಯಾಕೆ ಎದ್ದೆನೆಂದು ನೆನಪಾಗದೆ ವಾಪಸು ಬಂದೆ. ಸಣ್ಣವನಿದ್ದಾಗ ಊಟಕ್ಕೆ ಕೂತರೂ ಮೊದಲ ತುತ್ತು ಅಡುಗೆಮನೆಯಲ್ಲಿ, ಕೊನೆಯ ತುತ್ತು ದನದ ಕೊಟ್ಟಿಗೆಯಲ್ಲಿ. ನಮ್ಮವ್ವ ಮಾತ್ರ ಇದನ್ನು ರೋಗವೆಂದು ಒಪ್ಪಲಿಲ್ಲ. “ನಮ್ಮ ಸದ್ಯಾನ ಕಾಲಾಗ ಚಕ್ರ ಐತಿ, ದೇಶ ತಿರಗತಾನ” ಎಂದು ನನ್ನನ್ನು ತೋರಿಸಿ ಹೇಳುತ್ತಿದ್ದಳು. ದೇಶ ತಿರುಗಲಿಲ್ಲ. ತಾಲೂಕು ತಿರುಗಿದೆ.

ಚಿಕ್ಕೋಡಿ ಕೋರ್ಟಿನಲ್ಲಿ ನಾನು ಬೇಲಿಫನಾಗಿದ್ದೆ. ಸಮನ್ಸು, ನೋಟೀಸುಗಳನ್ನು ಊರೂರಿಗೆ ಒಯ್ದು ಮುಟ್ಟಿಸುವ ಕೆಲಸ. ಜಡ್ಜರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಕೂತು ಸವೆಯುವ ಆ ಕಟ್ಟಡದಲ್ಲಿ ತಿರುಗಿ ಸವೆಯುವ ನೌಕರಿ ಇದೊಂದೇ. ಅದು ನನಗೇ ಸಿಕ್ಕಿದ್ದು ಪುಣ್ಯ. ಕಾಲಿಗೆ ಅಥಣಿಯ ಚಪ್ಪಲಿ ಹಾಕುತ್ತಿದ್ದೆ. ಹೊಸದಿರಲಿ ಹಳೆಯದಿರಲಿ, ‘ಕರ್ ಕರ್’ ಎನ್ನದ ಚಪ್ಪಲಿಯನ್ನು ನಾನು ಒಪ್ಪಿದವನಲ್ಲ. ಆ ಸಪ್ಪಳ ಸುತ್ತಲಿನ ಊರುಗಳಿಗೆಲ್ಲ ಗುರುತಾಗಿ, ನಾನು ಮುಂಬಾಗಿಲಿಗೆ ಬರುವ ಮೊದಲೇ ಕರೆಯಬೇಕಾದವರು ಹಿತ್ತಲಿಂದ ಪಾರಾಗುತ್ತಿದ್ದರು. ಒಮ್ಮೆ ಕಾಗವಾಡದ ಕಡೆ ಒಂದು ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಯಜಮಾನರು ಎಲ್ಲಿ ಎಂದು ಕೇಳಿದರೆ ಮನೆಯಾಕೆ, “ಮಿರಜಿಗೆ ಹೋಗ್ಯಾರ್ರಿ” ಎಂದಳು. ಅಷ್ಟರಲ್ಲಿ ಬಳ್ಳಿಗೆ ಹೊಡೆದ ಗಂಧಕದ ಪುಡಿ ಮೂಗಿಗೇರಿ ಚಪ್ಪರದ ಸಾಲಿನಿಂದ ಯಾರೋ ಗಟ್ಟಿಯಾಗಿ ಸೀನಿದರು. ಆಕೆ ಮುಖದ ಮೇಲೆ ಒಂದು ಗೆರೆಯೂ ಕದಲಿಸದೆ, “ಮಿರಜ ಇಲ್ಲೇ ಸಮೀಪ ಐತಲ್ರಿ” ಎಂದಳು.

ನಿವೃತ್ತಿಯಾದ ಮೇಲೆ ಈ ಕಾಲುಗಳನ್ನು ಎಲ್ಲಿ ಇಡಬೇಕೆಂದೇ ತಿಳಿಯದಾಯಿತು. ನಿಪ್ಪಾಣಿಗೆ ಹೋಗುವ ಬಸ್ಸು ಹತ್ತಿ, ಅಲ್ಲಿ ಒಂದು ಚಹಾ ಕುಡಿದು, ಅದೇ ಬಸ್ಸಿಗೆ ಮರಳಿ ಬಂದದ್ದೂ ಉಂಟು. ಅಂಥ ದಿನಗಳಲ್ಲೇ ಭೂಪಾಲನ ಫೋನು ಬಂತು.

ಭೂಪಾಲ ನಮ್ಮೂರವನು. ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ನಮ್ಮ ಊರಲ್ಲಿ ಅವರದು ಕಬ್ಬಿನ ಜಮೀನಿದ್ದ ಜೈನ ಮನೆತನ. ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಇವನೊಬ್ಬ ಅರಣ್ಯ ಇಲಾಖೆ ಸೇರಿ, ಘಟ್ಟದ ಬುಡದ ಒಂದು ಪುಟ್ಟ ರಾಷ್ಟ್ರೀಯ ಉದ್ಯಾನದಲ್ಲಿ ಗಾರ್ಡ್ ಆದ. ವರ್ಗವಾದರೂ ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಹೋಗುತ್ತಿದ್ದ. ಆ ಉದ್ಯಾನದ ಹೆಸರು ಹೇಳುವುದಿಲ್ಲ. ಹೇಳಬೇಡವೆಂದು ಅವನು ಆಣೆ ಹಾಕಿಸಿಕೊಂಡಿದ್ದಾನೆ, ಮತ್ತು ಅವನ ಒಂದು ಆಣೆಯನ್ನು ನಾನು ಈಗಾಗಲೇ ಮುರಿದವನು.

“ತಿಂಗಳ ಕಡೀಗೆ ನಾ ರಿಟೈರ್ ಆಗ್ತೀನಿ ಸದ್ಯಾ. ಅದರಾಗ ಒಮ್ಮೆ ಬಂದು ನೀರನಾಯಿ ನೋಡಿ ಹೋಗು” ಎಂದ. ಪ್ರತಿ ವರ್ಷವೂ ಕರೆಯುತ್ತಿದ್ದ. ಪ್ರತಿ ವರ್ಷವೂ ನಾನು ಹೂಂ ಎನ್ನುತ್ತಿದ್ದೆ. ಈ ಸಲ ದನಿ ಬೇರೆಯಿತ್ತು. ತಿಂಗಳು ಮುಗಿಯಲು ಎರಡು ದಿನ ಉಳಿದಿರುವಾಗ ಹೊರಟೆ. ನಮ್ಮಾಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, “ಅಲ್ಲೆರ ಒಂದೀಟ ಸುಮ್ಕ ಕುಂಡರ್ರಿ” ಎಂದು ಹರಸಿದಳು.

ಎರಡು ಬಸ್ಸು, ಒಂದು ಟೆಂಪೋ ಬದಲಿಸಿ ಮುಟ್ಟಿದೆ. ಕಾಡು ಎಂದು ನಾನು ಎಣಿಸಿಕೊಂಡಿದ್ದು ಬೇರೆ. ಇದು ಹೊಳೆಯ ಒಂದು ದಂಡೆಗುಂಟ ಅಂಗವಸ್ತ್ರ ಹಾಸಿದ ಹಾಗೆ ಉದ್ದಕ್ಕೆ ಬಿದ್ದ ಹಸಿರು. ಆಚೆ ದಂಡೆಗೆ ಭತ್ತದ ಗದ್ದೆ, ಈಚೆ ರಸ್ತೆ, ಮೇಲೆ ಘಟ್ಟದ ಗುಡ್ಡಗಳು. ಎರಡು ಕೋಣೆಯ ಕಚೇರಿ. ಅದರ ಮುಂದೆ ಕಾರು ನಿಲ್ಲಿಸಿದ ಒಬ್ಬರು ಭೂಪಾಲನನ್ನು, “ಹುಲಿ ಇಲ್ಲವಾ? ಹಾಗಾದರೆ ಏನಿದೆ?” ಎಂದು ಕೇಳುತ್ತಿದ್ದರು. “ಹೊಳಿ ಐತ್ರಿ” ಎಂದ ಭೂಪಾಲ. ಅವರು ಕಾರು ತಿರುಗಿಸಿಕೊಂಡು ಹೋದರು.

ನನ್ನನ್ನು ನೋಡಿ ನಕ್ಕ. ಆಮೇಲೆ ನನ್ನ ಕಾಲು ನೋಡಿದ, ನಗು ಹೋಯಿತು. “ಈ ಕರ್ ಕರ್ ಚಪ್ಪಲ ಹಾಕ್ಕೊಂಡ ಬಂದ್ರ ಹೊಳ್ಯಾಗಿನ ಮೀನಾನೂ ಓಡಿ ಹೊಕ್ಕಾವು” ಎಂದು ಒಳಗಿಂದ ತನ್ನ ಹಳೆಯ ಹಸಿರು ಬೂಟು ತಂದುಕೊಟ್ಟ.

ಸಂಜೆ ಒಂದು ಹೊಳೆಮತ್ತಿ ಮರದ ಬೇರುಗಳ ನಡುವೆ ಕೂರಿಸಿದ. ಮಾತಾಡಬಾರದು, ಕಾಲು ಅಲುಗಿಸಬಾರದು, ಕೆಮ್ಮಬಾರದು. ಎದುರಿಗೆ ನಡುಹೊಳೆಯಲ್ಲಿ ಒಂದು ಚಪ್ಪಟೆ ಬಂಡೆ, ಅದರ ಪಕ್ಕ ಉಸುಕು. ನೀರುನಾಯಿಗಳು ಅಲ್ಲಿಗೆ ಬರುತ್ತವೆಂದ. ಕೂತೆ. ಮೊದಲು ಎಡಗಾಲಿಗೆ ಜೋಮು ಹಿಡಿಯಿತು. ಆಮೇಲೆ ಮೂಗು ತುರಿಸಿತು. ಗ್ಯಾಸಿನ ಗುಂಡಿ ಬಂದ್ ಮಾಡಿದೆವೋ ಇಲ್ಲವೋ ಎಂಬ ಯೋಚನೆ ಬಂತು. ಮನೆಯಲ್ಲಿ ಹೆಂಡತಿ ಇದ್ದಾಳೆ, ಗ್ಯಾಸು ಉರಿಯುತ್ತಲೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಕೈಗೆ ಕೆಲಸವಾದರೂ ಇರಲಿ ಎಂದು ಜೇಬಿನಿಂದ ಶೇಂಗಾದ ಪೊಟ್ಟಣ ತೆಗೆದೆ. ಕಾಗದ ಚರಚರ ಎಂದಿತು. ನೀರಿನಲ್ಲಿ ಏನೋ ‘ಬುಳಕ್’ ಎಂದಿತು.

“ಹ್ವಾದ್ವು” ಎಂದ ಭೂಪಾಲ.

“ಯಾವು? ಎಲ್ಲಿ?”

ಅವನು ಊಟಕ್ಕೆ ಎದ್ದ. ಹೊತ್ತು ಮುಳುಗುವುದರೊಳಗೆ ಉಂಡುಬಿಡುವ ಮನೆತನದ ರೂಢಿಯನ್ನು ಅವನು ಕಾಡಿನಲ್ಲೂ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಶೇಂಗಾ ಒಯ್ಯಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನೀರಿನ ಮೇಲೆ ಹಬೆಯಾಡುತ್ತಿತ್ತು. ಬಹಳ ಹೊತ್ತಿನ ಮೇಲೆ ಬಂಡೆಯ ಆಚೆ ಒಂದು ಕಂದು ತಲೆ ಎದ್ದಿತು. ಮೀಸೆಯಿತ್ತು. ಸಣ್ಣ ಕಿವಿಯಿತ್ತು. ಆಮೇಲೆ ಆದದ್ದನ್ನು ನಾನು ಮಾಡಿದೆನೆಂದು ಹೇಳಲಾರೆ, ನನ್ನ ಕಾಲುಗಳು ಮಾಡಿದವು. ಎದ್ದು ನಿಂತು, ಕೈ ಚಾಚಿ, “ಭೂಪಾಲ, ಅಲ್ಲಿ ನೋಡಲೇ!” ಎಂದು ಕೂಗಿಬಿಟ್ಟೆ. ತಲೆ ಮುಳುಗಿತು. ಆಚೆ ದಂಡೆಯ ಬೆಳ್ಳಕ್ಕಿಗಳೂ ಎದ್ದು ಹೋದವು.

ಭೂಪಾಲ ಪ್ಯಾಂಟಿನ ಧೂಳು ಕೊಡವಿ ನಡೆದುಬಿಟ್ಟ. ಕಚೇರಿಯ ಕಟ್ಟೆಗೆ ಬಂದ ಮೇಲೆ ನನ್ನ ಮುಖ ನೋಡದೆ ಹೇಳಿದ:

“ಸದ್ಯಾ, ನೀ ಇವತ್ತಿನ ಬಸ್ಸಿಗೆ ಊರಿಗೆ ಹೋಗು.”

“ಯಾಕಲೇ? ಖುಷಿಲೆ ಎದ್ದೆ. ತಪ್ಪಾತು.”

“ಆವಾಗೂ ಹಿಂಗ ಅಂದಿದ್ದಿ. ‘ಬಾಯಾಗಿಂದ ಬಂತು, ತಪ್ಪಾತು’ ಅಂತ.”

ಐವತ್ತು ವರ್ಷದಲ್ಲಿ ಅವನು ಆ ಮಾತು ಎತ್ತಿದ್ದು ಅದೇ ಮೊದಲು.

ನಮಗಾಗ ಹತ್ತು ವರ್ಷ. ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿಕೊಂಡು ಕೃಷ್ಣೆಯಲ್ಲಿ ಈಜು ಕಲಿಯುತ್ತಿದ್ದ ಬೇಸಿಗೆ. ಬಟ್ಟೆ ಒಗೆಯುವ ಕಲ್ಲುಗಳನ್ನು ದಾಟಿ, ಜಾಲಿ ಗಿಡಗಳು ಹೊಳೆಗೆ ಬಾಗಿದ ಕಡೆ, ದಂಡೆಯ ಮಣ್ಣಿನಲ್ಲಿ ಒಂದು ಬಿಲವಿತ್ತು. ಭೂಪಾಲನೇ ಮೊದಲು ಕಂಡದ್ದು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ನೋಡಿದೆವು. ತಾಯಿ ನೀರುನಾಯಿ ಬಾಯಲ್ಲಿ ಮೀನು ತಂದಾಗ ಮೂರು ಮರಿಗಳು ಕೂಸಿನ ಹಾಗೆ ಕುಂಯ್‌ಗುಡುತ್ತ ಹೊರಬಂದವು. “ಯಾರಿಗೂ ಹೇಳೂದಿಲ್ಲ ಅಂತ ನಿಮ್ಮವ್ವನ ಮ್ಯಾಲ ಆಣಿ ಮಾಡು” ಎಂದ ಭೂಪಾಲ. ಮಾಡಿದೆ.

ಒಂದೂವರೆ ದಿನ ತಡೆದೆ. ಕ್ಷೌರದ ಕಟ್ಟೆಯ ಮೇಲೆ ಹಿರಿಯರು ಬಲೆ ಹರಿದು ಮೀನು ಕದಿಯುವ ಪ್ರಾಣಿಯ ಮಾತು ಆಡುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡಲಿ ಎಂಬ ಒಂದೇ ಆಸೆಗೆ, “ನನಗ ಗೊತ್ತೈತಿ ಎಲ್ಲಿ ಇರತಾವು ಅಂತ” ಎಂದೆ. ಎಲ್ಲರೂ ನೋಡಿದರು. ಸಂಜೆಗೆ ಹಾರೆ, ಸಲಿಕೆ, ನಾಯಿಗಳು ಹೊಳೆಗೆ ಇಳಿದವು. ನಾವಿಬ್ಬರೂ ದೂರ ನಿಂತಿದ್ದೆವು. ಆ ಸಂಜೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು. ಭೂಪಾಲ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನಮ್ಮೂರ ಹೊಳೆಯಲ್ಲಿ ನೀರುನಾಯಿ ಕಂಡೆನೆಂದು ಆಮೇಲೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

“ಇದನ್ನ ನೆನಪ ಮಾಡಾಕ ಕರದೇನು ನನ್ನ?” ಎಂದೆ. ಸಿಟ್ಟು ಬಂದಿತ್ತು. ತಪ್ಪು ನಮ್ಮದಿದ್ದಾಗ ಬರುವ ಸಿಟ್ಟು ಬಲು ಜೋರು.

“ಅಲ್ಲಲೇ” ಎಂದ ಅವನು ಮೆಲ್ಲಗೆ. “ನಮ್ಮ ಹೊಳ್ಯಾಗ ನೀರನಾಯಿ ಇದ್ದುವು ಅಂದ್ರ ಈಗ ಯಾರೂ ನಂಬೂದಿಲ್ಲ. ನನ್ನ ಹೇಣ್ತಿ ಸೈತ ನಗತಾಳ. ಆವತ್ತ ಹಾರಿ ಸಲಿಕಿ ಹಿಡದವ್ರು ಒಬ್ಬರೂ ಉಳದಿಲ್ಲ. ನೋಡಿದವ್ರು ಅಂದ್ರ ನೀ ಒಬ್ಬ, ನಾ ಒಬ್ಬ. ನಾಳೆ ಈ ಅಂಗಿ ಬಿಚ್ಚಿ ಕೊಡಾಂವ ನಾ. ಅಷ್ಟರಾಗ ಅವು ಇನ್ನೂ ಅದಾವು ಅಂತ ನಿನಗ ತೋರಸ್ಬೇಕು ಅನ್ನಿಸ್ತು. ಅಷ್ಟ.”

ನಾನು ಚೀಲ ಎತ್ತಿಕೊಂಡು ರಸ್ತೆಗೆ ಬಂದುಬಿಟ್ಟೆ. ಮೂವತ್ತು ವರ್ಷ ಊರವರಿಗೆಲ್ಲ ಸಾಕ್ಷಿಗೆ ಬನ್ನಿರೆಂದು ಸಮನ್ಸು ಕೊಟ್ಟವನು ನಾನು. ಒಬ್ಬ ಗೆಳೆಯ ನನ್ನನ್ನೇ ಸಾಕ್ಷಿಗೆ ಕರೆದರೆ ಆ ಕಾಗವಾಡದ ಯಜಮಾನನ ಹಾಗೆ ಪಾರಾಗುತ್ತಿದ್ದೇನಲ್ಲ! ರಸ್ತೆಯ ಅಂಚಿಗೆ ಆ ಕಡೆ ಹತ್ತು ಹೆಜ್ಜೆ, ಈ ಕಡೆ ಹತ್ತು ಹೆಜ್ಜೆ ಎಷ್ಟು ಸಲ ತಿರುಗಿದೆನೋ. ಬಸ್ಸು ಬಂತು. ಕೈ ಮಾಡಿದೆ. ನಿಂತಿತು. ಹತ್ತಲಿಲ್ಲ.

“ಹತ್ತೂದಿಲ್ಲಂದ್ರ ಕೈ ಯಾಕ ಮಾಡಿದ್ರಿ ಯಜಮಾನ್ರ?” ಎಂದ ಕಂಡಕ್ಟರ್.

“ರೂಢಿರಿ” ಎಂದೆ. ಅವನು ಸಿಳ್ಳೆ ಊದಿದ.

ಮರಳಿ ಹೋದರೆ ಭೂಪಾಲ ಒಲೆಯ ಮುಂದಿದ್ದ. ತಿರುಗಿ ನೋಡದೆಯೇ, “ಅನ್ನ ಇಬ್ಬರಿಗಿ ಆಗೂವಷ್ಟ ಇಟ್ಟೇನಿ. ಕೈಕಾಲ ತೊಳಕೋ” ಎಂದ.

ಅಂದು ಸಂಜೆ ಕೂಡಲಿಲ್ಲ, ದಂಡೆಗುಂಟ ನಡೆದೆವು. ನಡೆಯುವುದಾದರೆ ನಾನು ಒಳ್ಳೆಯ ವಿದ್ಯಾರ್ಥಿ. ಬಂಡೆಯ ಮೇಲೆ ಬಿದ್ದಿದ್ದ ಹಿಕ್ಕೆ ತೋರಿಸಿದ. ಅದರ ತುಂಬ ಏಡಿಯ ಚಿಪ್ಪಿನ ಚೂರು, ಮೀನಿನ ಹುರುಪೆ. “ಇದು ಅವರ ಸಹಿ. ನೀರು ಕೆಟ್ಟಲ್ಲಿ ಈ ಸಹಿ ಇರೂದಿಲ್ಲ” ಎಂದ. ಹೊಳೆಮತ್ತಿಯ ಬೇರು ದಂಡೆಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದದ್ದು ತೋರಿಸಿದ. ಮೇಲಿನ ಗುಡ್ಡದ ಝರಿಗಳೆಲ್ಲ ಬೇಸಿಗೆಯಲ್ಲಿ ಬತ್ತಿದಾಗ ಕಾಡೆಮ್ಮೆ, ಜಿಂಕೆಗಳು ನೀರಿಗೆ ಇಳಿಯುವ ಸವೆದ ದಾರಿ ತೋರಿಸಿದ. ಇಷ್ಟು ಸಣ್ಣ ಜಾಗಕ್ಕೆ ಯಾಕೆ ಇಷ್ಟು ಕಾವಲು ಎಂದು ನಾನು ಕೇಳಿದೆ.

“ದೊಡ್ಡ ಕಾಡು ಹೊಟ್ಟಿ ಇದ್ದಂಗ, ಇದು ಗಂಟಲ ಇದ್ದಂಗ” ಎಂದ. “ಗಂಟಲ ಸಣ್ಣದು ಅಂತ ಯಾರರ ಕೊಯ್ದ ಒಗೀತಾರೇನು?”

ಈ ನೀರು ನಮ್ಮ ಕೃಷ್ಣೆಗೇ ಹೋಗುತ್ತದಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ. “ಹೋಗತೈತಿ. ನಮ್ಮೂರು ದಾಟಿದ ಮ್ಯಾಲ ಕೆಳಗ ಎಲ್ಲೋ” ಎಂದು ಆ ಹೆಮ್ಮೆಯನ್ನೂ ಅಳತೆಗೆ ಕತ್ತರಿಸಿದ.

ಕೊನೆಯ ದಿನ ಬೆಳಿಗ್ಗೆ ಮತ್ತೆ ಹೊಳೆಮತ್ತಿಯ ಬುಡಕ್ಕೆ ಹೋದೆವು. ಅವನು ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತದೆ. ಬೇರಿಗೆ ಬೆನ್ನು ಕೊಟ್ಟವನೇ ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದ. ನಾನು ಎಬ್ಬಿಸಬೇಕೆಂದುಕೊಂಡೆ. ಅಷ್ಟರಲ್ಲಿ ಬಂದವು.

ಒಂದರ ಹಿಂದೆ ಒಂದು, ನೀರು ಸೀಳಿಕೊಂಡು ಬಂದವು. ಬಂಡೆ ಹತ್ತಿ ಮೈ ಕೊಡವಿಕೊಂಡವು. ಎರಡು ದೊಡ್ಡವು, ಮೂರು ಚಿಕ್ಕವು. ಉಸುಕಿನಲ್ಲಿ ಉರುಳಾಡಿದವು, ಒಂದರ ಬಾಲ ಒಂದು ಹಿಡಿದವು. ಅದೇ ಕೂಸಿನ ದನಿ. ನನ್ನ ಹಿಮ್ಮಡಿಯ ಮೇಲೆ ಇರುವೆ ಹತ್ತುತ್ತಿತ್ತು, ಕಚ್ಚಿತು, ಇನ್ನೊಂದು ಕಚ್ಚಿತು. ಅಲುಗಲಿಲ್ಲ. ತಾಯಿ ಹಿಂಗಾಲ ಮೇಲೆ ಎದ್ದು ನಿಂತು ನಮ್ಮ ಕಡೆ ನೋಡಿತು. ಭೂಪಾಲನ ಗೊರಕೆ ಕೇಳಿತು, ಮತ್ತೆ ಆರಾಮಾಗಿ ಕೂತುಕೊಂಡಿತು. ಇಷ್ಟು ವರ್ಷ ಇವನು ಇಲ್ಲಿ ಕಾವಲು ಕಾದನೋ ನಿದ್ದೆ ಮಾಡಿದನೋ, ಅಂತೂ ಆ ಸಪ್ಪಳ ಅವುಗಳಿಗೆ ರೂಢಿಯಾದ ಹಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದು ಇರುವೆಯಿಂದ ಎಂದು ಬರೆದರೆ ಓದುವ ನೀವು ನಂಬುವುದಿಲ್ಲ.

ಅವು ನೀರಿಗಿಳಿದು ಹೋದ ಮೇಲೆ ಅವನ ಮೊಣಕೈ ಮುಟ್ಟಿದೆ.

“ಬಂದಿದ್ದುವು.”

ಧಡಕ್ಕನೆ ಎದ್ದ. “ಖರೇನ? ನೋಡಿದಿ? ಎಷ್ಟ ಇದ್ದುವು?”

“ಐದು.”

ಅವನ ಮುಖದ ಬೆಳಕು ಅಲ್ಲೇ ಆರಿತು. “ಆರ ಇರಬೇಕಲಾ. ಮರಿ ನಾಕು. ಒಂದು ಸಣ್ಣದು ಐತಿ, ಬಾಲದ ತುದಿ ಡೊಂಕ. ಚೊಲೊತ್ನ್ಯಾಗಿ ನೋಡಿದೇನು?”

“ಎರಡ ಸಲ ಎಣಿಸೀನಿ.”

ಆಗ ನಾನು ಎಂದೂ ಕಾಣದ್ದನ್ನು ಕಂಡೆ. ಭೂಪಾಲ ಎದ್ದ, ಕೂತ, ಮತ್ತೆ ಎದ್ದ. ಟೋಪಿ ತೆಗೆದ, ಹಾಕಿಕೊಂಡ. ಮೇಲ್ಗಡೆ ಯಾರೋ ಕದ್ದು ಬಲೆ ಬಿಟ್ಟಿರಬಹುದೆಂದ, ನಾಯಿ ಹಿಡಿದಿರಬಹುದೆಂದ, ದಂಡೆಯ ಮೇಲೆ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಹಾಕಿದ. ಹತ್ತು ಗಂಟೆಗೆ ಸಾಹೇಬರು ಬರುವವರಿದ್ದರು. ಕೀಲಿ, ರಿಜಿಸ್ಟರು ಒಪ್ಪಿಸಬೇಕು, ಸನ್ಮಾನ ಬೇರೆ. ಹೋಗದೆ ಗತಿಯಿರಲಿಲ್ಲ.

“ನೀ ಹೋಗು. ನಾ ಕುಂಡರ್ತೀನಿ” ಎಂದೆ.

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಕ್ಷೌರದ ಕಟ್ಟೆಯಿತ್ತು, ನಿನ್ನೆಯ ಬೆಳ್ಳಕ್ಕಿಗಳಿದ್ದವು. “ಮೀನಿನ ಬಲಿ ಕಂಡ್ರ ನೀರಿಗಿ ಇಳೀಬ್ಯಾಡ, ನನಗ ಬಂದ ಹೇಳು” ಎಂದಷ್ಟೇ ಹೇಳಿ, ಎರಡು ಸಲ ಹಿಂದಿರುಗಿ ನೋಡಿ ಹೋದ.

ಒಬ್ಬನೇ ಕೂತೆ. ಬಿಸಿಲು ಬಂಡೆಗೆ ಬಂತು. ಮಿಂಚುಳ್ಳಿಯೊಂದು ಎದುರಿನ ಕೊಂಬೆಯಿಂದ ನೀರಿಗೆ ಬಿದ್ದು ಎದ್ದು ಅದೇ ಕೊಂಬೆಗೆ ಬಂತು. ಕಾಲು ಎದ್ದೇಳು ಎಂದವು, ಮನಸ್ಸು ಎದ್ದೇಳು ಎಂದಿತು. ಮೇಲ್ಗಡೆ ಹೋಗಿ ಹುಡುಕಿದರೆ? ಆಚೆ ದಂಡೆಗೆ ದಾಟಿದರೆ? ಹುಡುಕಲು ಎದ್ದರೆ ಬರುವುದೂ ಬಾರದು ಎಂಬುದು ಮಾತ್ರ ಹೊಸದಾಗಿ ಕಲಿತ ಪಾಠ. ಬಾಲ ಡೊಂಕಾದ, ಕಂಡೂ ಇರದ ಆ ಮರಿಗೆ ಏನಾದರೂ ಆಗಿದ್ದರೆ ಅದನ್ನೂ ನಾನೇ ತೋರಿಸಿಕೊಟ್ಟೆನೇನೋ ಎನಿಸುತ್ತಿತ್ತು. ಅವ್ವನ ಮೇಲೆ ಮಾಡಿದ ಆಣೆ ನೆನಪಾಯಿತು. ನಮ್ಮವ್ವ ಈಗಿಲ್ಲ. ಇದ್ದಿದ್ದರೆ ಮಗ ಒಂದೇ ಕಡೆ ಅಷ್ಟು ಹೊತ್ತು ಕೂತದ್ದು ಕೇಳಿ ಡಾಕ್ಟರನ್ನು ಕರೆಸುತ್ತಿದ್ದಳು.

ಬಿಸಿಲು ನೆತ್ತಿಗೆ ಸಮೀಪಿಸಿದಾಗ ಕೆಳಗಡೆಯಿಂದ ಒಂದು ಗೆರೆ ನೀರಿನಲ್ಲಿ ಮೂಡಿ ಬಂತು. ಸಣ್ಣ ತಲೆ. ಬಾಯಲ್ಲಿ ಏಡಿ. ಬಂಡೆ ಹತ್ತಿತು. ಬಾಲದ ತುದಿ ಕೊಡೆಯ ಹಿಡಿಕೆಯಂತೆ ಬಾಗಿತ್ತು. ಯಾರ ಹಂಗೂ ಇಲ್ಲದೆ ಕೂತು ಏಡಿಯನ್ನು ಕಟಮ್ ಕಟಮ್ ಎಂದು ಜಗಿಯಿತು. ಆ ಸಪ್ಪಳ ನನ್ನವರೆಗೂ ಕೇಳಿತು. ತಿಂದು, ಮೀಸೆ ಒರೆಸಿಕೊಂಡು, ಮೇಲ್ಗಡೆಯಿಂದ ಸಿಳ್ಳೆಯಂಥ ಕೂಗು ಬಂದದ್ದೇ ನೀರಿಗೆ ಹಾರಿ ಆ ಕಡೆ ಈಜಿತು. ಅದು ತಿರುವು ದಾಟಿ ಮರೆಯಾಗುವವರೆಗೂ ನಾನು ಕಲ್ಲಾಗಿದ್ದೆ. ಆಮೇಲೆ ಎದ್ದು ಓಡಿದೆ. ಅರವತ್ತು ದಾಟಿದ ಬೇಲಿಫನ ಕಾಲುಗಳು ಅವತ್ತು ಓಡಿದಷ್ಟು ಸರಕಾರಿ ಕೆಲಸಕ್ಕೆ ಎಂದೂ ಓಡಿರಲಿಲ್ಲ.

ಕಚೇರಿಯ ಮುಂದೆ ಶಾಮಿಯಾನ, ಹತ್ತಿಪ್ಪತ್ತು ಕುರ್ಚಿ. ಸಾಹೇಬರು ಮೈಕಿನ ಮುಂದೆ ನಿಂತು ಭೂಪಾಲನ ತಾಳ್ಮೆಯನ್ನು ಹೊಗಳುತ್ತಿದ್ದರು. ಭೂಪಾಲ ಶಾಲು ಹೊದ್ದು, ಹಾರ ಹಾಕಿಕೊಂಡು, ಕುರ್ಚಿಯ ತುದಿಗೆ ಕೂತು ಎರಡೂ ಮೊಣಕಾಲು ಗಡಗಡ ಅಲುಗಿಸುತ್ತಿದ್ದ. ನಾನು ಮೈಯೆಲ್ಲ ಬೆವರಾಗಿ, ಕೆಸರು ಮೆತ್ತಿಕೊಂಡು ನಡುವಿನ ದಾರಿಯಲ್ಲಿ ಬಂದೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಯಾರ ಕಡೆಗೂ ನೋಡದೆ ವೇದಿಕೆ ಹತ್ತಿ ಅವನ ಕಿವಿಗೆ ಬಾಗಿದೆ. ಅವನೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದೆ.

“ಡೊಂಕ ಬಾಲದ್ದು ಬಂತು. ಏಡಿ ತಿಂದು, ತನ್ನ ಮಂದಿ ಕಡೆ ಹ್ವಾತು.”

ಅವನ ಮೊಣಕಾಲು ನಿಂತವು. ಕಣ್ಣು ಮುಚ್ಚಿ ನನ್ನ ಕೈ ಹಿಡಿದ, ಬಿಡಲಿಲ್ಲ.

ಸಾಹೇಬರು ಮಾತು ನಿಲ್ಲಿಸಿದರು. “ಏನಾಯಿತು ಭೂಪಾಲ? ಏನಾದರೂ ತೊಂದರೆಯಾ?”

ಭೂಪಾಲ ಎದ್ದು ನಿಂತು ಶಾಲು ಸರಿ ಮಾಡಿಕೊಂಡ.

“ಏನಿಲ್ರಿ ಸಾಹೇಬ್ರ. ಮನಿ ಸುದ್ದಿ. ಎಲ್ಲಾರೂ ಆರಾಮ ಅದಾರಂತ.”